ಎಂಟು ಬೈಗುಳಗಳ ಪಟ್ಟಿ

ಜನರಲ್ ಮ್ಯಾನೇಜರ್ ಆ ಕಾಗದವನ್ನು ನನ್ನ ಮೇಜಿನ ಮೇಲೆ ಬೋರಲಾಗಿ ಇಟ್ಟು, ಬಾಗಿಲು ಹಾಕಿ, ಕುರ್ಚಿ ಎಳೆದುಕೊಂಡು ಕುಳಿತರು. ಏನಿದ್ದರೂ ಇಂಟರ್‌ಕಾಮ್‌ನಲ್ಲಿ ಕರೆದು ಹೇಳುವ ಮನುಷ್ಯ ಅವರು. ಹೀಗೆ ಬಂದು ಕುಳಿತರೆಂದರೆ ಒಳ್ಳೆಯದಕ್ಕಲ್ಲ ಎಂದು ಕಾಗದ ತಿರುಗಿಸುವ ಮೊದಲೇ ನನಗೆ ಅನಿಸಿತು. ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ನಾನು ಎರಡು ಸಲ ಓದುತ್ತೇನೆ, ಎರಡನೇ ಸಲ ಕನ್ನಡಕ ಹಾಕಿಕೊಂಡು ಎಂದು ನನ್ನ ಗಂಡ ಹಂಗಿಸುವುದುಂಟು.

"ಪಢಿಯೇ," ಎಂದರು. "ಜೋರ್ ಸೆ ಮತ್." ನಾನು ಮನಸ್ಸಿನಲ್ಲೇ ಓದತೊಡಗಿದೆ.

ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂಬತ್ತು ಸಾಲು. ಮೇಲೆ ಹೆಸರಿಲ್ಲ, ಕೆಳಗೆ ಸಹಿಯಿಲ್ಲ. 'ಸರ್' ಎಂದು ಮರ್ಯಾದೆಯಿಂದ ಶುರುವಾಗಿ, ಓದುವವನನ್ನು ಮೊದಲ ಸಾಲಿನಲ್ಲೇ ಮೌಂಟಿಬ್ಯಾಂಕ್ ಎಂದು ಕರೆದು, ಅಲ್ಲಿಂದ ಟೋಡ್-ಈಟರ್, ವಿಲನ್, ಪೋಲ್ಟ್ರೂನ್ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಿ ನಿನ್ನಿಹ್ಯಾಮರ್‌ನಲ್ಲಿ ನಿಂತಿತ್ತು. ಒಟ್ಟು ಎಂಟು ಬೈಗುಳ. ವಿಲನ್, ಡನ್ಸ್ ಬಿಟ್ಟರೆ ಉಳಿದವನ್ನು ಈಗ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಿಘಂಟಿನಲ್ಲಿ 'ಹಳೆಯ ಬಳಕೆ' ಎಂಬ ಗುರುತು ಹೊತ್ತು ಮೂಲೆ ಸೇರಿದ ಪದಗಳು.

ಎರಡನೇ ಸಾಲು ಮುಗಿಯುವಷ್ಟರಲ್ಲಿ ನಾನು ಓದುವುದನ್ನು ನಿಲ್ಲಿಸಿದ್ದೆ. ಮೂರನೇ ಸಾಲಿನಲ್ಲಿ ಏನಿದೆ ಎಂದು ನನಗೆ ಓದದೆಯೇ ಗೊತ್ತಿತ್ತು.

ಇದು ತೊಂಬತ್ತರ ದಶಕದ ನಡುಭಾಗದ ಮಾತು. ಕೊಲ್ಲಿ ದೇಶದಲ್ಲಿ ಕಾರಿನ ಬಿಡಿಭಾಗ, ಎಂಜಿನ್ ಆಯಿಲ್ ಮಾರುವ ಕಂಪನಿ ನಮ್ಮದು. ಆಫೀಸು ಡೇರಾದಲ್ಲಿ, ಸ್ಟೋರು ರಾಸ್ ಅಲ್ ಖೋರ್‌ನಲ್ಲಿ. ನಾನು ಆಫೀಸಿನ ಸೆಕ್ರೆಟರಿ. ಕಂಪ್ಯೂಟರ್ ಬಂದು ಎರಡು ವರ್ಷವಾಗಿದ್ದರೂ ವೀಸಾ, ಲೇಬರ್, ಕಸ್ಟಮ್ಸ್‌ನ ಫಾರಂಗಳು ಕಾರ್ಬನ್ ಇಟ್ಟು ಮೂರು ಪದರದಲ್ಲಿ ಬರುತ್ತಿದ್ದವು. ಅವನ್ನು ತುಂಬಲು ಉದ್ದ ಕ್ಯಾರೇಜಿನ ಒಂದು ಹಳೆಯ ಟೈಪ್‌ರೈಟರ್ ಉಳಿಸಿಕೊಂಡಿದ್ದೆವು. ಅದಕ್ಕೆ ಎಲ್ಲರೂ 'ಫಾರಂ ಮಷಿನ್' ಎನ್ನುತ್ತಿದ್ದರು. ಅದರ 'ಎಂ' ಅಕ್ಷರದ ಒಂದು ಕಾಲು ಮುರಿದಿತ್ತು. ಆ ಕುಂಟ ಎಂ ನೋಡಿಯೇ ಜನರಲ್ ಮ್ಯಾನೇಜರ್ ಕಾಗದ ನಮ್ಮ ಮಷಿನ್ನಿನದೇ ಎಂದು ಹಿಡಿದಿದ್ದರು.

ಮಷಿನ್ ಹಿಂದಿನ ವಾರ ರಿಪೇರಿಗೆ ಹೋಗಿತ್ತು. 'ಆರ್' ಅಕ್ಷರದ ಕಡ್ಡಿ ಬಾಗಿ, ಆರ್ ಮಾತ್ರ ಸಾಲಿನಿಂದ ಮೇಲಕ್ಕೆ ಹಾರುತ್ತಿತ್ತು. ಸ್ಟೋರಿನ ಪಕ್ಕದ ಗಲ್ಲಿಯಲ್ಲಿ ಟೈಪ್‌ರೈಟರ್, ಹೊಲಿಗೆ ಮಷಿನ್ ಎರಡನ್ನೂ ಸರಿಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ನಮ್ಮ ಸ್ಟೋರ್ ಕೀಪರ್ ಅವನನ್ನು ಸ್ಟೋರಿಗೇ ಕರೆಸಿ ಸರಿಮಾಡಿಸಿ, ಪಿಕಪ್‌ನಲ್ಲಿ ಡೇರಾಕ್ಕೆ ಕಳಿಸಿದ್ದರು. ಡಬ್ಬ ಬಿಚ್ಚಿ, ಸಹಿ ಹಾಕಿ ತೆಗೆದುಕೊಂಡವಳು ನಾನು. ಮೂರು ದಿನದ ನಂತರ ಈ ಕಾಗದ ಕಂಪನಿಯ ಒಳಗೇ ತಿರುಗುವ ಕಂದು ಲಕೋಟೆಯೊಂದರಲ್ಲಿ ಜನರಲ್ ಮ್ಯಾನೇಜರರ ಟ್ರೇಗೆ ಬಂದು ಬಿದ್ದಿತ್ತು.

ಅವರೂ ನನ್ನಂತೆಯೇ ಅನುಮಾನದ ಪ್ರಾಣಿ. ದರಪಟ್ಟಿ ಹೊರಗೆ ಸೋರುತ್ತಿದೆ ಎಂದು ಅನುಮಾನಿಸಿ, ಟೈಪ್ ಮಾಡಿದ ಯಾವ ಹಾಳೆಯನ್ನೂ ಕಸದ ಬುಟ್ಟಿಗೆ ಹಾಕಬಾರದು, ಬೇಡವಾದದ್ದನ್ನು ಲಕೋಟೆಯಲ್ಲಿಟ್ಟು ತಮ್ಮ ಆಫೀಸಿಗೇ ಕಳಿಸಬೇಕು ಎಂದು ಆರು ತಿಂಗಳ ಹಿಂದೆ ಸರ್ಕ್ಯುಲರ್ ಹೊರಡಿಸಿದ್ದರು. ನಾವೆಲ್ಲ ಅದನ್ನು ಓದಿ, ಸಹಿ ಹಾಕಿ, ಮರೆತಿದ್ದೆವು.

ನನ್ನ ಕ್ಯಾಬಿನ್ನಿಗೆ ಬರುವ ಮೊದಲೇ ಅವರು ಸ್ಟೋರ್ ಕೀಪರರನ್ನು ಕರೆಸಿ ಕೇಳಿ ಆಗಿತ್ತು. ಆತ ಟೈಪ್ ಮಾಡಿದ್ದು ತಾನೇ ಎಂದು ಒಪ್ಪಿಕೊಂಡಿದ್ದರು. ರಿಪೇರಿಯ ಹೊತ್ತಿಗೆ ಮಷಿನ್ ಪರೀಕ್ಷೆ ಮಾಡಲು ಹೊಡೆದದ್ದು, ಆಮೇಲೆ ಬುಟ್ಟಿಗೆ ಹಾಕಿದ್ದು, ಅಷ್ಟೇ ಎಂದಿದ್ದರಂತೆ.

"ಟೆಸ್ಟಿಂಗ್!" ಜನರಲ್ ಮ್ಯಾನೇಜರ್ ನಕ್ಕರು. ನಗು ಕಣ್ಣಿನವರೆಗೆ ಬರಲಿಲ್ಲ. "ಟೆಸ್ಟಿಂಗ್ ಮೇ ಕೋಯೀ ಗಾಲಿ ದೇತಾ ಹೈ? ಬೈಗುಳ ಹೊಡೆದು ಯಾರಾದರೂ ಟೆಸ್ಟ್ ಮಾಡುತ್ತಾರಾ? ನರಿ, ನಾಯಿ ಅಂತ ಒಂದು ಸೆಂಟೆನ್ಸ್ ಇದೆಯಲ್ಲ, ಎಲ್ಲ ಟೈಪಿಸ್ಟ್‌ಗಳೂ ಅದನ್ನೇ ತಾನೆ ಹೊಡೆಯುವುದು?"

ಅವರಿಗೆ ಬೇಕಾಗಿದ್ದದ್ದು ಒಂದು ಟಿಪ್ಪಣಿ. ಮೂರು ಕಾಲಂ: ಪದ, ಅರ್ಥ, ಮೂಲ. ಅದನ್ನು ಲೀಗಲ್ ಟ್ರಾನ್ಸ್‌ಲೇಟರ್‌ಗೆ ಕೊಟ್ಟು, ಕಾಗದವನ್ನು ಅರಬಿಗೆ ಮಾಡಿಸಿ ಇಟ್ಟುಕೊಳ್ಳುವುದು. ಸ್ಟೋರ್ ಕೀಪರ್ ತಾವಾಗಿ ರಾಜೀನಾಮೆ ಕೊಟ್ಟರೆ ಖಲಾಸ್. ಕೊಡದಿದ್ದರೆ ಪೊಲೀಸ್ ದೂರು. ಆ ದೇಶದಲ್ಲಿ ಬರಹದಲ್ಲಿ ಬೈಯುವುದು ಹುಡುಗಾಟವಲ್ಲ. ಎರಡರಲ್ಲಿ ಯಾವುದಾದರೂ ವೀಸಾ ಹೋಗುತ್ತದೆ. ಸ್ಟೋರ್ ಕೀಪರರ ಹೆಂಡತಿ, ಮಗಳ ವೀಸಾ ಅವರದಕ್ಕೇ ಅಂಟಿಕೊಂಡಿತ್ತು. ಮಗಳು ಅಲ್ಲೇ ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ತರಗತಿ. ಬೋರ್ಡ್ ಪರೀಕ್ಷೆಗೆ ಏಳು ವಾರ ಬಾಕಿ.

ಇಷ್ಟನ್ನೂ ಕೇಳಿಸಿಕೊಂಡು ನಾನು "ಓಕೆ ಸರ್" ಎಂದೆ. ನನಗೆ ಗೊತ್ತಿದ್ದದ್ದನ್ನು ಹೇಳಲಿಲ್ಲ.

ಗೊತ್ತಿದ್ದದ್ದು ಇದು. ಡಿಗ್ರಿ ಮುಗಿದ ವರ್ಷ ನಾನು ಮೈಸೂರು ಬಿಟ್ಟು ಕರಾವಳಿಯ ಒಂದು ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲಿ ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಹನ್ನೆರಡು ಮಷಿನ್ನು, ಒಬ್ಬರೇ ಮಾಷ್ಟ್ರು. ಪರೀಕ್ಷೆಗೆ ಕಟ್ಟುವ ಮೊದಲು ಮಾಷ್ಟ್ರು ತಾವೇ ಬರೆದ ಒಂದು ಪಾಠವನ್ನು ನಾವು ತಪ್ಪಿಲ್ಲದೆ ಹೊಡೆದು ತೋರಿಸಬೇಕಿತ್ತು. ಯಾವುದೋ ಕಾಲದ ಒಬ್ಬ ಇಂಗ್ಲಿಷ್ ದೊರೆ ತನ್ನ ಛತ್ರಿ ಕೊಂಡೊಯ್ದು ಹಿಂದಿರುಗಿಸದ ನೆರೆಯವನಿಗೆ ಬರೆದ ಪತ್ರ ಅದು. ಮೊದಲರ್ಧ ಬರೀ ಬೈಗುಳ. ಎರಡನೇ ಅರ್ಧದಲ್ಲಷ್ಟೇ ಛತ್ರಿಯ ಸುದ್ದಿ. ಪರಿಚಯದ ಪದ ಬಂದರೆ ಬೆರಳು ಊಹೆಯ ಮೇಲೆ ಓಡಿ ಎಡವುತ್ತದೆ, ಗುರುತಿಲ್ಲದ ಪದವಾದರೆ ಅಕ್ಷರ ಅಕ್ಷರ ನೋಡಿ ಹೊಡೆಯುತ್ತದೆ ಎಂದು ಮಾಷ್ಟ್ರ ನಂಬಿಕೆ. ಪ್ರತಿ ಬೈಗುಳ ಎಲ್ಲಿಂದ ಬಂತೆಂದು ಕಥೆ ಬೇರೆ ಹೇಳುತ್ತಿದ್ದರು. ಶನಿವಾರ ಎಲ್ಲ ಮಷಿನ್ನಿಗೆ ಎಣ್ಣೆ ಬಿಟ್ಟು, ಪ್ರತಿಯೊಂದರಲ್ಲೂ ಆ ಪಾಠವನ್ನೇ ಹೊಡೆಸಿ ನೋಡುತ್ತಿದ್ದರು. "ಮಷಿನ್ ಸರಿಯಾಗಿ ಬೈದರೆ ಪಾಸು" ಎನ್ನುತ್ತಿದ್ದರು. ಅಲ್ಲಿ ಕಲಿತವರೆಲ್ಲ ಎಲ್ಲಿಗೆ ಹೋದರೂ, ಯಾವ ಮಷಿನ್ ಮುಟ್ಟಿದರೂ, ಮೊದಲು ಹೊಡೆಯುವುದು ಅದನ್ನೇ. ನಾನೂ ಅಷ್ಟೆ.

ಹಾಗಾದರೆ ಸ್ಟೋರ್ ಕೀಪರ್ ಅಲ್ಲಿಯವರು. ಕರಾವಳಿಯವರೆಂದು ಗೊತ್ತಿತ್ತು, ಯಾವ ಊರೆಂದು ಕೇಳಿರಲಿಲ್ಲ. ನನ್ನನ್ನಂತೂ ಎಲ್ಲರೂ ಮೈಸೂರಿನವಳೆಂದೇ ತಿಳಿದಿದ್ದರು. ಆ ಒಂದು ವರ್ಷದ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ಹೇಳದೆ ಇರಲು ನನಗೆ ನಾನೇ ಕೊಟ್ಟುಕೊಂಡ ಕಾರಣಗಳನ್ನು ಇಲ್ಲಿ ಬರೆಯುತ್ತೇನೆ. ಮಷಿನ್ ಡಬ್ಬ ಬಿಚ್ಚಿದವಳು ನಾನು. ಈ ಪದಗಳನ್ನು ಬಲ್ಲ ಎರಡನೆಯ ವ್ಯಕ್ತಿಯೂ ನಾನೇ ಎಂದು ತಿಳಿದರೆ ಲಕೋಟೆಗೆ ಹಾಕಿದ ಕೈ ಯಾರದು ಎಂಬ ಪ್ರಶ್ನೆ ನೇರ ನನ್ನ ಕಡೆಗೆ ತಿರುಗುತ್ತದೆ. ಎರಡನೆಯದು, ಸ್ಟೋರ್ ಕೀಪರ್ ಮೇಲೆಯೇ ನನಗೆ ಅನುಮಾನ. ಎರಡು ತಿಂಗಳ ಹಿಂದೆ ಅವರ ರಜೆಯ ಅರ್ಜಿಯನ್ನು ಜನರಲ್ ಮ್ಯಾನೇಜರ್ ತಿರಸ್ಕರಿಸಿದ್ದರು. ಆ ಪತ್ರ ಟೈಪ್ ಮಾಡಿದ್ದು ನಾನೇ. ಸಿಟ್ಟು ಇದ್ದೇ ಇರುತ್ತದೆ. ಪಾಠದ ನೆಪದಲ್ಲಿ ಬೈದು, ಸಿಕ್ಕಿಬಿದ್ದರೆ ಟೆಸ್ಟಿಂಗ್ ಎನ್ನುವುದು ಬುದ್ಧಿವಂತರು ಮಾಡಬಹುದಾದ ಕೆಲಸ. ಪಾಠ ಸರಿಯಾಗಿ ಛತ್ರಿ ಬರುವ ಮೊದಲೇ ಯಾಕೆ ನಿಂತಿದೆ? ಛತ್ರಿ ಬಂದಿದ್ದರೆ ಇದು ಯಾರಿಗೂ ನಾಟುತ್ತಿರಲಿಲ್ಲ. ಬೇಕೆಂದೇ ಅಲ್ಲಿ ಕತ್ತರಿಸಿದ ಹಾಗಿತ್ತು.

ಗುರುವಾರ ಸಂಜೆ ಅಬುಧಾಬಿಯಿಂದ ಗಂಡ ಬಂದರು. ಅವರ ಕೆಲಸ ಅಲ್ಲಿ, ವಾರಕ್ಕೊಮ್ಮೆ ಬರುತ್ತಿದ್ದರು. ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ.

"ನಿಂಗ್ಯಾಕೆ ಬೇಕು ಊರ ಉಸಾಬರಿ? ಕೇಳಿದ್ರೆ ಹೇಳು, ಕೇಳ್ದೆ ಇದ್ರೆ ಸುಮ್ನಿರು," ಎಂದರು.

"ಪಾಪ ಅನ್ಸುತ್ತೆ ಕಣ್ರೀ."

"ಪಾಪನೋ, ಡೌಟೋ? ಮೊದ್ಲು ಅದನ್ನ ಸರಿಯಾಗಿ ನೋಡ್ಕೋ."

ಮಗಳು ಪಕ್ಕದಲ್ಲಿ ಕುಳಿತು ಪದಗಳನ್ನು ಕೇಳಿಸಿಕೊಂಡು ನಗುತ್ತಿದ್ದಳು. "ಅಮ್ಮಾ, ನೋಬಡಿ ಟಾಕ್ಸ್ ಲೈಕ್ ದಟ್!" ಎಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬರಲಿಲ್ಲ. ಯಾರೂ ಆಡದ ಮಾತಿಗೆ ಒಬ್ಬ ಮನುಷ್ಯ ಮನೆ ಖಾಲಿ ಮಾಡಬೇಕಾಗಿತ್ತು.

ಟಿಪ್ಪಣಿಯ ಕೆಲಸ ನಾಲ್ಕು ದಿನ ಹಿಡಿಯಿತು. ಆಫೀಸಿನ ಪುಟ್ಟ ಡಿಕ್ಷನರಿಯಲ್ಲಿ ಅರ್ಧ ಪದಗಳೇ ಇರಲಿಲ್ಲ. ಕ್ರೀಕ್ ಎಂಬ ಕಡಲ ಕವಲಿನ ಹತ್ತಿರದ ಒಂದು ಹಳೆಯ ಲೈಬ್ರರಿಗೆ ಹೋಗಿ, ಎರಡು ಕೈಯಲ್ಲಿ ಎತ್ತಬೇಕಾದ ನಿಘಂಟು ತೆರೆದು ಕುಳಿತೆ. ಮಾಷ್ಟ್ರು ಹೇಳಿದ್ದ ಹೆಚ್ಚಿನ ಕಥೆಗಳು ನಿಜವೇ ಆಗಿದ್ದವು. ಮೌಂಟಿಬ್ಯಾಂಕ್ ಎಂದರೆ ಇಟಲಿಯ ಸಂತೆಗಳಲ್ಲಿ ಬೆಂಚು ಹತ್ತಿ ನಿಂತು ಎಲ್ಲ ರೋಗಕ್ಕೂ ಒಂದೇ ಮದ್ದು ಮಾರುತ್ತಿದ್ದವನು. 'ಬೆಂಚು ಹತ್ತು' ಎಂಬುದೇ ಆ ಮಾತಿನ ಮೂಲ. ಟೋಡ್-ಈಟರ್ ಅಂಥವನ ಜೊತೆಯವನು. ವಿಷವೆಂದು ಜನ ನಂಬಿದ್ದ ಕಪ್ಪೆಯನ್ನು ಎಲ್ಲರೆದುರು ತಿನ್ನುವುದು, ಅಥವಾ ತಿಂದಂತೆ ನಟಿಸುವುದು ಅವನ ಕೆಲಸ. ಅವನು ಬಿದ್ದು ಹೊರಳಾಡಿದ ಕೂಡಲೇ ಯಜಮಾನ ಮದ್ದು ಕುಡಿಸಿ ಬದುಕಿಸುತ್ತಿದ್ದ. ಯಜಮಾನನಿಗಾಗಿ ಏನನ್ನೂ ನುಂಗುವವನು ಎಂಬ ಅರ್ಥ ಅಲ್ಲಿಂದ ಬಂತು.

ಬರೆಯುತ್ತ ಹೋದಂತೆ ನನಗೆ ಭಯವೂ ಆಯಿತು. ಹಿಂದಿನ ವರ್ಷ ಹೋಟೆಲಿನಲ್ಲಿ ನಡೆದ ಡೀಲರುಗಳ ಸಭೆಯಲ್ಲಿ ಜನರಲ್ ಮ್ಯಾನೇಜರ್ ವೇದಿಕೆ ಹತ್ತಿ, ಎಲ್ಲ ಎಂಜಿನ್ನಿಗೂ ಒಂದೇ ಮದ್ದು ಎಂದು ಒಂದು ಆಯಿಲ್ ಬಾಟಲಿ ಎತ್ತಿ ತೋರಿಸಿದ್ದರು. ಅದನ್ನು ಹಾಕಿಸಿಕೊಂಡ ಗಾಡಿಗಳು ಹೊಗೆ ಕಾರುತ್ತ ಹಿಂದೆ ಬಂದಿದ್ದವು. ಸರಿಯಾಗಿ ಅವರಿಗೇ ಹೊಲಿಸಿದ ಅಂಗಿಯಂತಿತ್ತು ಆ ಮೌಂಟಿಬ್ಯಾಂಕ್ ಪದ. ಆಫೀಸಿನಲ್ಲಿ ಕಾಗದದ ಒಂದು ಜೆರಾಕ್ಸ್ ಕೈಯಿಂದ ಕೈಗೆ ಹೋಗಿ, ಅಕೌಂಟ್ಸ್‌ನವರು ಬಾತ್‌ರೂಮಿನಲ್ಲಿ ನಗುತ್ತಿದ್ದದ್ದು ನನಗೂ ಕೇಳಿಸಿತ್ತು.

ವಿಲನ್ ಒಬ್ಬ ಹೊಲದಾಳು. ದೊರೆಯ ಭೂಮಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ರೈತನ ಹೆಸರೇ ದುಷ್ಟನ ಹೆಸರಾಯಿತು. ಮಾಡಿದ ತಪ್ಪೇನು ಎಂದರೆ ಬಡವನಾಗಿದ್ದದ್ದು. ಡನ್ಸ್ ಎಂದರೆ ಹಿಂದೊಮ್ಮೆ ದೊಡ್ಡ ಪಂಡಿತನ ಶಿಷ್ಯರು. ಹೊಸ ವಿದ್ಯೆ ಬಂದಾಗ ಹಳೆಯದಕ್ಕೇ ಅಂಟಿಕೊಂಡರೆಂದು ಹೊಸಬರು ದಡ್ಡರೆಂದು ಹಂಗಿಸಿದರು. ರ್ಯಾಪ್‌ಸ್ಕ್ಯಾಲಿಯನ್, ರ್ಯಾಸ್ಕಲ್ಲನ್ನೇ ಎಳೆದು ಉದ್ದ ಮಾಡಿದ್ದು. ಲಿಕ್‌ಸ್ಪಿಟಲ್‌ಗೆ ವಿವರಣೆ ಬೇಕಿರಲಿಲ್ಲ, ಎಂಜಲು ನೆಕ್ಕುವವನು. ಪೋಲ್ಟ್ರೂನ್ ಹೇಡಿ ಎನ್ನುವುದರಲ್ಲಿ ಜಗಳವಿಲ್ಲ, ಮೂಲದಲ್ಲಿ ಮಾತ್ರ ಇತ್ತು: ಹಾಸಿಗೆ ಬಿಟ್ಟೇಳದವನು ಎಂದು ಕೆಲವರು, ಬೆದರುವ ಕುದುರೆಮರಿ ಎಂದು ಕೆಲವರು.

ಕೊನೆಯ ನಿನ್ನಿಹ್ಯಾಮರ್‌ಗೆ ಬಂದಾಗ ನಿಘಂಟು ಕೈಕೊಟ್ಟಿತು. ನಿನ್ನಿ ಎಂದರೆ ಪೆದ್ದ. ಆ ಹ್ಯಾಮರ್ ಎಲ್ಲಿಂದ ಬಂತೋ ತಿಳಿಯದು ಎಂದು ಕೈ ಚೆಲ್ಲಿತ್ತು. ನಾನು ಮೂರನೇ ಕಾಲಮಿನಲ್ಲಿ ಗೀಟು ಎಳೆದು ಕೊಟ್ಟೆ. ಜನರಲ್ ಮ್ಯಾನೇಜರ್ ಅದನ್ನು ಹಿಂದಕ್ಕೆ ಕಳಿಸಿದರು. ಅವರಿಗೆ ಯಾವ ಪಟ್ಟಿಯಲ್ಲೂ ಖಾಲಿ ಜಾಗ ಆಗುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನು ಮಾಷ್ಟ್ರು ಹೇಳುತ್ತಿದ್ದ ಕಥೆಯನ್ನೇ ತುಂಬಿದೆ: ಒಬ್ಬ ಪೆದ್ದ ಕಮ್ಮಾರ ಸುತ್ತಿಗೆ ಎತ್ತಿ, ಕಬ್ಬಿಣ ಬಿಟ್ಟು ತನ್ನ ಹೆಬ್ಬೆರಳಿಗೇ ಹೊಡೆದುಕೊಂಡು, ನೋವಾಯಿತೆಂದು ಕಬ್ಬಿಣಕ್ಕೆ ಬೈದನಂತೆ. ಅದು ಮಾಷ್ಟ್ರು ತಾವೇ ಕಟ್ಟಿದ್ದು ಎಂದು ನನಗೆ ಆ ಕಾಲದಲ್ಲೇ ಗುಮಾನಿ ಇತ್ತು.

ಜನರಲ್ ಮ್ಯಾನೇಜರ್ ಟಿಪ್ಪಣಿ ಓದುತ್ತ ಟೋಡ್-ಈಟರ್ ಹತ್ತಿರ ನಿಂತರು. ಮುಖ ಕೆಂಪಾಯಿತು.

"ಮೇಂಡಕ್? ನಾನು ಪ್ಯೂರ್ ವೆಜಿಟೇರಿಯನ್, ಮೇಡಂ. ಮೊಟ್ಟೆ ಕೂಡ ಮುಟ್ಟಲ್ಲ!"

ಅವರಿಗೆ ನಿಜವಾಗಿ ನೋವಾಗಿತ್ತು. ನನಗೆ ನಗಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿದೆ. ಅದೇ ದಿನ ಅವರು ಸ್ಟೋರ್ ಕೀಪರರನ್ನು ಕರೆಸಿ, ಟಿಪ್ಪಣಿ ಮುಂದಿಟ್ಟು, ಒಂದು ವಾರದ ಗಡುವು ಕೊಟ್ಟರು.

ಮರುದಿನ ಮಧ್ಯಾಹ್ನ ರಾಸ್ ಅಲ್ ಖೋರ್‌ನಿಂದ ಫೋನ್ ಬಂತು. ಸ್ಟೋರ್ ಕೀಪರರ ದನಿ ಎಂದಿನಂತೆಯೇ ಮೆತ್ತಗಿತ್ತು.

"ಮೇಡಂ, ಆ ಪಟ್ಟಿ ನೀವು ಮಾಡಿದ್ದಂತೆ ಹೌದಾ?"

"ಹೌದು ಸಾರ್. ಮಾಡು ಅಂದ್ರು, ಮಾಡ್ದೆ."

"ಅಲ್ಲ, ಚಂದ ಮಾಡಿದ್ದೀರಿ. ಒಂದು ಕೇಳುದು ಉಂಟು. ಆ ಕಮ್ಮಾರನ ಕಥೆ ಯಾವ ಪುಸ್ತಕದಲ್ಲಿ ಸಿಕ್ಕಿತು ನಿಮಗೆ?"

ಇದು ಬಲೆ ಎನಿಸಿತು. ಹೌದೆಂದರೆ ನನ್ನನ್ನೂ ಜೊತೆಗೆ ಎಳೆಯಲು ಈ ಮನುಷ್ಯ ಕಾಯುತ್ತಿದ್ದಾರೆ. "ಡಿಕ್ಷನರಿಯಲ್ಲೇ ಇತ್ತು," ಎಂದೆ.

"ಡಿಕ್ಷನರಿಯಲ್ಲಾ?"

"ಹೂಂ. ದೊಡ್ಡದ್ರಲ್ಲಿ."

ಆ ಕಡೆ ಫೋರ್ಕ್‌ಲಿಫ್ಟ್ ಹಿಂದೆ ಸರಿಯುವ ಸದ್ದು ಕೇಳಿಸುತ್ತಿತ್ತು. "ಆಯ್ತು ಮೇಡಂ, ಇಡ್ತೇನೆ," ಎಂದು ಫೋನಿಟ್ಟರು. ಇಷ್ಟು ಬೇಗ ಬಿಟ್ಟರಲ್ಲ, ಇದರಲ್ಲೂ ಏನೋ ಇದೆ ಎಂದು ನಾನು ಇಡೀ ಮಧ್ಯಾಹ್ನ ಲೆಕ್ಕ ಹಾಕಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಮೂರು ಪಾಸ್‌ಪೋರ್ಟು ಬಂದು ಬಿದ್ದವು. ಜೊತೆಗೆ ವೀಸಾ ಕ್ಯಾನ್ಸಲೇಷನ್ನಿನ ಫಾರಂಗಳು. ಸ್ಟೋರ್ ಕೀಪರ್ ರಾಜೀನಾಮೆ ಕೊಡಲು ಒಪ್ಪಿದ್ದರು. ಮಧ್ಯಾಹ್ನ ಎರಡಕ್ಕೆ ಬಂದು ಸಹಿ ಹಾಕುವವರಿದ್ದರು. ಅಷ್ಟರಲ್ಲಿ ನಾನು ಫಾರಂ ತುಂಬಿಡಬೇಕಿತ್ತು.

ಮೊದಲು ಅವರದು. ಆಮೇಲೆ ಹೆಂಡತಿಯದು. ಮಗಳ ಪಾಸ್‌ಪೋರ್ಟಿನ ಫೋಟೋದಲ್ಲಿ ಎರಡು ಜಡೆ. ಈಗ ಹಾಗೆ ಇರಲಿಕ್ಕಿಲ್ಲ. ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳು. ಫಾರಂ ಮಷಿನ್ನಿಗೆ ಮೂರು ಪದರ ಸಿಕ್ಕಿಸಿ ತಂದೆಯ ಹೆಸರು ಹೊಡೆಯುತ್ತಿದ್ದೆ. ಹೆಸರಿನಲ್ಲಿ ಆರ್ ಅಕ್ಷರ ಎರಡು ಸಲ ಬಂತು. ಎರಡೂ ಸಾಲಿನಲ್ಲಿ ಸರಿಯಾಗಿ ಕುಳಿತಿದ್ದವು. ರಿಪೇರಿ ಚೆನ್ನಾಗಿ ಆಗಿದೆ ಎಂದುಕೊಂಡೆ. ಅಷ್ಟಕ್ಕೇ ನನ್ನ ಕೈ ನಿಂತಿತು.

ಡ್ರಾಯರಿನಲ್ಲಿ ಆ ಕಾಗದದ ಜೆರಾಕ್ಸ್ ಇತ್ತು. ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹನ್ನೊಂದು ದಿನ ಪದಗಳನ್ನೇ ಓದಿದ್ದೆ, ಅಕ್ಷರ ನೋಡಿರಲಿಲ್ಲ. ಮೊದಲ ಮೂರು ಸಾಲಿನಲ್ಲಿ ಆರ್ ಮೇಲಕ್ಕೆ ಹಾರಿತ್ತು. ನಾಲ್ಕು, ಐದರಲ್ಲಿ ಸ್ವಲ್ಪ ಕೆಳಗಿಳಿದಿತ್ತು. ಆರನೇ ಸಾಲಿನಲ್ಲಿ ಸಾಲಿಗಿಂತಲೂ ಕೆಳಗೆ ಹೋಗಿತ್ತು. ಏಳರಿಂದ ಒಂಬತ್ತರವರೆಗೆ ಸರಿಯಾಗಿ ಕುಳಿತಿತ್ತು. ಸ್ಕೇಲ್ ಇಟ್ಟು ಮತ್ತೊಮ್ಮೆ ನೋಡಿದೆ, ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದೆ.

ಮೂರು ಸಾಲು ಹೊಡೆದಿದ್ದಾರೆ. ಮೆಕ್ಯಾನಿಕ್ ಇಕ್ಕಳದಿಂದ ಕಡ್ಡಿ ಬಗ್ಗಿಸಿದ್ದಾನೆ. ಇನ್ನೆರಡು ಸಾಲು, ಮತ್ತೆ ಬಗ್ಗಿಸಿದ್ದಾನೆ, ಹೆಚ್ಚಾಗಿದೆ. ಒಂದು ಸಾಲು; ಸ್ವಲ್ಪ ಹಿಂದಕ್ಕೆ. ಆಮೇಲೆ ಮೂರು ಸಾಲು ಸರಿ ಬಂದದ್ದು ನೋಡಿ ಸಾಕೆಂದು ನಿಲ್ಲಿಸಿದ್ದಾರೆ. ಛತ್ರಿ ಬರುವ ಮೊದಲು ಬೇಕೆಂದು ಕತ್ತರಿಸಿದ್ದಲ್ಲ. ಆರ್ ಸರಿಯಾಯಿತು, ಪಾಠ ಅಲ್ಲಿಗೆ ನಿಂತಿತು. ಸಿಟ್ಟಿನಲ್ಲಿ ಬೈಯುವವನು ನಡುವೆ ಮೂರು ಸಲ ಮಷಿನ್ ರಿಪೇರಿ ಮಾಡಿಸಿಕೊಂಡು ಬೈಯುವುದಿಲ್ಲ.

ಮೆಕ್ಯಾನಿಕ್ಕನ್ನು ಕೇಳೋಣವೆಂದು ಸ್ಟೋರಿನ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಅವನು ಹಿಂದಿನ ವಾರವೇ ರಜೆಯ ಮೇಲೆ ಊರಿಗೆ ಹೋಗಿದ್ದ. ಇನ್ನು ಉಳಿದ ಸಾಕ್ಷಿ ಒಂದೇ. ಅದು ನನ್ನ ಬೆರಳುಗಳಲ್ಲಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅರ್ಧ ತುಂಬಿದ ಫಾರಂ ಮಷಿನ್ನಿನಿಂದ ಎಳೆದು ಹರಿದು ಹಾಕಿದೆ. ಫಾರಂ ಹರಿದ ಮೇಲೆ ಏನಾದರೂ ವಿವರಣೆ ಕೊಡಲೇಬೇಕಲ್ಲ ಎಂದು ಎದ್ದೆ.

ಜನರಲ್ ಮ್ಯಾನೇಜರ್ ಆರ್ ಅಕ್ಷರಗಳನ್ನು ನೋಡಿದರು, ಒಪ್ಪಲಿಲ್ಲ. "ಅವನು ಬುದ್ಧಿವಂತ. ಟೆಸ್ಟಿಂಗ್ ಅಂತ ಕಾಣಿಸಲೆಂದೇ ಹೀಗೆ ಮಾಡಿರಬಹುದು," ಎಂದರು. ನಾನು ಹನ್ನೊಂದು ದಿನ ಯೋಚಿಸಿದ ರೀತಿಯಲ್ಲೇ ಅವರೂ ಯೋಚಿಸುತ್ತಿದ್ದರು.

"ಸರ್, ಇದು ಒಂದು ಟೈಪಿಂಗ್ ಪಾಠ. ನನಗೂ ಬಾಯಿಪಾಠ ಬರುತ್ತೆ. ನಾನು ಕಲಿತದ್ದೂ ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ."

ಅವರು ಪೆನ್ನು ಕೆಳಗಿಟ್ಟರು. "ಕಬ್ ಸೆ ಪತಾ ಹೈ?"

"ಮೊದಲ ದಿನದಿಂದ."

ಅವರು ನನ್ನನ್ನು ನೋಡಿದ ರೀತಿ ನನಗೆ ಈಗಲೂ ನೆನಪಿದೆ. ಆ ನೋಟದಲ್ಲಿ ನನ್ನ ಐದು ವರ್ಷದ ಸರ್ವೀಸು ಮುಗಿದು ಹೋಯಿತು. "ಹನ್ನೊಂದು ದಿನ ಈ ಕಾಗದ ನಿಮ್ಮ ಹತ್ತಿರ ಇತ್ತು. ಬಾಯಿಪಾಠ ಮಾಡಿರುತ್ತೀರಿ," ಎಂದರು.

"ಇದು ಒಂಬತ್ತು ಸಾಲಿಗೆ ನಿಂತಿದೆ ಸರ್. ಹತ್ತನೆಯ ಸಾಲಿನಿಂದ ಹೊಡೆಯುತ್ತೇನೆ. ಆಮೇಲೆ ಅವರನ್ನೂ ಕೂರಿಸಿ. ನಾವಿಬ್ಬರೂ ಮುಖ ನೋಡಿಕೊಳ್ಳುವುದು ಬೇಡ."

ಫಾರಂ ಮಷಿನ್ನನ್ನು ಅವರ ಕ್ಯಾಬಿನ್ನಿಗೇ ತರಿಸಿದರು. ನಾನು ಹೊಡೆದೆ. ಎಷ್ಟು ವರ್ಷವಾಗಿದ್ದರೂ ಬೆರಳು ತಡೆಯಲಿಲ್ಲ. ಮೂಳೆಯ ಹಿಡಿಯ ಕಪ್ಪು ಛತ್ರಿ, ನಾಮಕರಣದ ಮನೆಗೆಂದು ಒಯ್ದದ್ದು, ಆ ಮಗುವಿಗೆ ಈಗ ಮದುವೆಯಾಗಿ ಮಕ್ಕಳಾದರೂ ಛತ್ರಿ ಬಂದಿಲ್ಲ, ಇಂದು ಸಂಜೆಯೊಳಗೆ ಕಳಿಸತಕ್ಕದ್ದು, ತಮ್ಮ ವಿಧೇಯ ಸೇವಕ. ಹಾಳೆ ತೆಗೆದು ಕೊಟ್ಟೆ.

'ಅಂಬ್ರೆಲಾ' ಎಂಬಲ್ಲಿ ಜನರಲ್ ಮ್ಯಾನೇಜರರ ಬೆರಳು ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಹೇಳಿದರು: ಸ್ಟೋರ್ ಕೀಪರ್ ಮೊದಲ ದಿನವೇ ಛತ್ರಿಯ ವಿಷಯ ಹೇಳಿದ್ದರು. ಇದು ಛತ್ರಿ ಕೇಳುವ ಪತ್ರ ಸಾರ್ ಎಂದಿದ್ದರು. ಮಳೆಯೇ ಇಲ್ಲದ ಊರಿನಲ್ಲಿ ಎಂಥ ಛತ್ರಿ ಎಂದು ಇವರು ಬಾಯಿ ಮುಚ್ಚಿಸಿದ್ದರು. ಸುಳ್ಳು ಎಂದು ಖಾತ್ರಿಯಿದ್ದುದರಿಂದ ಆ ಮಾತನ್ನು ಯಾರ ಹತ್ತಿರವೂ ಎತ್ತಿರಲಿಲ್ಲ.

ಎರಡು ಗಂಟೆಗೆ ಸ್ಟೋರ್ ಕೀಪರ್ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸಹಿಗೆಂದು ಸ್ವಂತ ಪೆನ್ನು. ಜನರಲ್ ಮ್ಯಾನೇಜರ್ ನನ್ನನ್ನು ಹೊರಗೆ ಕಳಿಸಿ ಅವರನ್ನು ಕೂರಿಸಿದರು. ಬಾಗಿಲಾಚೆ ಕೀಲಿಗಳ ಸದ್ದು ಕೇಳುತ್ತ ನಿಂತಿದ್ದೆ. ಎಲ್ಲಿಯೂ ತಡೆಯಲಿಲ್ಲ. ಮಾಷ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರು.

ಆಮೇಲೆ ಜನರಲ್ ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಹಿಡಿದು ನೋಡಿದರು. ನಾನು ಒಂದು ವಾಕ್ಯ ಮರೆತಿದ್ದೆ, ಸ್ಟೋರ್ ಕೀಪರ್ ಮಗುವಿನ ಮದುವೆಯನ್ನು ಬಿಟ್ಟಿದ್ದರು. ಉಳಿದದ್ದೆಲ್ಲ ಪದಕ್ಕೆ ಪದ ಒಂದೇ. ಜನರಲ್ ಮ್ಯಾನೇಜರ್ ಕುಳಿತು, ನಕ್ಕರು. ಅವರು ನಿಜವಾಗಿ ನಕ್ಕದ್ದು ಆಗಲೇ. "ಏಕ್ ಛಾತೇ ಕೇ ಲಿಯೇ ಇತನೀ ಗಾಲಿ!"

ಕಾಗದ ತಮ್ಮ ಟ್ರೇಗೆ ಬಂದದ್ದಕ್ಕೆ ಕಾರಣವನ್ನೂ ಅವರೇ ಹುಡುಕಿಕೊಂಡರು. ಟೈಪ್ ಮಾಡಿದ ಹಾಳೆ ಬುಟ್ಟಿಯಲ್ಲಿ ಕಂಡವರು ಯಾರೋ ಸರ್ಕ್ಯುಲರಿನಂತೆ ಲಕೋಟೆಯಲ್ಲಿಟ್ಟು ಕಳಿಸಿರಬೇಕು ಎಂದು ಫೈಲಿನಲ್ಲಿ ಬರೆಸಿದರು. ಬರೆದವಳು ನಾನೇ. ಸ್ಟೋರಿನಲ್ಲಿ ಯಾರನ್ನು ಕೇಳಿದರೂ ನಾನಲ್ಲ, ನಾನಲ್ಲ ಎಂದರು. ಆ ಸರ್ಕ್ಯುಲರನ್ನು ಪಾಲಿಸಿದ ಒಬ್ಬನೂ ಆ ಕಂಪನಿಯಲ್ಲಿದ್ದನೆಂದು ನನಗೆ ಇಂದಿಗೂ ನಂಬಿಕೆಯಿಲ್ಲ. ಮುಂದಿನ ತಿಂಗಳಿನಿಂದ ಜನರಲ್ ಮ್ಯಾನೇಜರ್ ತಮ್ಮ ಖಾಸಗಿ ಪತ್ರಗಳನ್ನು ತಾವೇ ಟೈಪ್ ಮಾಡಿಕೊಳ್ಳತೊಡಗಿದರು, ಎರಡು ಬೆರಳಿನಲ್ಲಿ.

ಮೂರು ಪಾಸ್‌ಪೋರ್ಟುಗಳನ್ನು ಲಕೋಟೆಯಲ್ಲಿಟ್ಟು ನಾನೇ ಕೆಳಗೆ ಪಾರ್ಕಿಂಗ್‌ಗೆ ಹೋಗಿ ಕೊಟ್ಟೆ. ಸ್ಟೋರ್ ಕೀಪರ್ ಒಂದೊಂದನ್ನೇ ತೆರೆದು ನೋಡಿ ಜೇಬಿಗೆ ಹಾಕಿಕೊಂಡರು.

"ನಂಗೆ ಮೊದ್ಲೇ ಗೊತ್ತಿತ್ತು ಸಾರ್," ಎಂದೆ. "ನಾನೂ ಅಲ್ಲೇ ಕಲ್ತಿದ್ದು. ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

"ನನಗೆ ಗೊತ್ತುಂಟು ಮೇಡಂ. ಆ ಕಥೆ ಮಾಷ್ಟ್ರ ಕ್ಲಾಸಿನಲ್ಲಿ ಬಿಟ್ಟು ಬೇರೆ ಎಲ್ಲಿಯೂ ಇಲ್ಲ."

"ಹಾಗಾದ್ರೆ ಸಾಹೇಬ್ರ ಹತ್ರ ನನ್ ಹೆಸ್ರು ಹೇಳ್ಬಹುದಿತ್ತಲ್ಲ?"

"ಹೇಳುವ ಅಂತ ಎರಡು ಸಲ ಅವರ ಬಾಗಿಲ ತನಕ ಬಂದೆ. ಆಮೇಲೆ ಆಲೋಚನೆ ಮಾಡಿದೆ. ಕರೆದು ಕೇಳಿದ್ರೆ ನೀವು ಡಿಕ್ಷನರಿ ಅಂತ ಹೇಳ್ತಿದ್ರಿ. ಅಲ್ಲಿಗೆ ನನಗಿದ್ದ ಒಂದು ಸಾಕ್ಷಿಯೂ ಮುಗೀತಿತ್ತು. ನೀವಾಗಿ ಬಂದ್ರೆ ಬಂತು ಅಂತ ಸುಮ್ಮನೆ ಕೂತೆ. ಮನೆಯಲ್ಲಿ ಪೆಟ್ಟಿಗೆ ಕಟ್ಲಿಕ್ಕೆ ಶುರು ಮಾಡಿದ್ದಾರೆ."

ಅವರು ಪಿಕಪ್‌ನ ಬಾಗಿಲು ತೆರೆದು, ಹತ್ತದೆ, ತಿರುಗಿ ನಿಂತರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಬುಟ್ಟಿಗೆ ಹಾಕಿದ್ದಾ, ಮಷಿನ್ನಿನ ರೋಲರಿನಲ್ಲೇ ಬಿಟ್ಟದ್ದಾ ಅಂತ ಈಗ ನನಗೇ ಖಾತ್ರಿ ಇಲ್ಲ. ಡಬ್ಬ ಬಿಚ್ಚಿದ್ದು ನೀವು. ಅದರಲ್ಲಿ ಆ ಕಾಗದ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ ಸಾರ್," ಎಂದೆ. ಅದು ನಿಜ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆಯಾಡಿಸಿ ಪಿಕಪ್ ಹತ್ತಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಂಬಿ ಎಂದು ಅವರನ್ನು ಕೇಳುವ ಮುಖ ನನಗಿರಲಿಲ್ಲ.